ಮಗುವಿನ ಕೈಯ ಕಾಣಿಕೆ ಡಬ್ಬಿ

ಕ್ರೈಸ್ತ ಸಭೆಗಳಲ್ಲಿ ಮಕ್ಕಳು ಧರ್ಮಕಾರ್ಯಕ್ಕೆಂದು ಹಣ ಕೂಡಿಸುವ ಪದ್ಧತಿಗೆ ಸುಮಾರು ಎರಡು ಶತಮಾನಗಳ ವ್ಯವಸ್ಥಿತ ಇತಿಹಾಸವಿದ್ದು, ಆ ಇತಿಹಾಸದ ಒಂದೆರಡು ಎಳೆಗಳು ಕರ್ನಾಟಕದವರೆಗೂ ಬಂದು ಮುಟ್ಟುತ್ತವೆ. ಸಂಡೇ ಸ್ಕೂಲಿನಿಂದ, ಅಂದರೆ ಭಾನುವಾರದ ಆರಾಧನೆಯ ಹೊತ್ತಿಗೆ ಮಕ್ಕಳಿಗೆಂದೇ ನಡೆಯುವ ಧಾರ್ಮಿಕ ಪಾಠದಿಂದ, ಇಲ್ಲವೇ ಕಥೋಲಿಕರ ಧರ್ಮೋಪದೇಶದ ತರಗತಿಯಿಂದ ಮನೆಗೆ ಮರಳುವ ಮಗು ಯಾವುದೋ ಸೇವಾ ಯೋಜನೆಯ ಹೆಸರಿರುವ ಲಕೋಟೆಯನ್ನೋ ಹುಂಡಿಯನ್ನೋ ತಂದಾಗ, ತಂದೆಯೋ ತಾಯಿಯೋ ಅದರೊಳಗೆ ಒಂದು ನೋಟು ಹಾಕಿ, ಬಾಯಿ ಅಂಟಿಸಿ, ಮುಂದಿನ ಭಾನುವಾರ ಮಗುವಿನ ಕೈಗೇ ಕೊಟ್ಟು ಕಳಿಸುವುದು ಹೆಚ್ಚಿನ ಮನೆಗಳ ರೂಢಿ. ಯೋಜನೆಗೆ ಹಣ ಸೇರುತ್ತದೆ, ಆದರೆ ಮಗು ಮಾಡಿದ್ದು ಅಂಚೆಯವನ ಕೆಲಸ ಮಾತ್ರ. ಹಿರಿಯರ ನೆರವು ಪರ್ಸಿನಿಂದ ಹೊರಡುವ ಬದಲು ಬೇರೆ ಎಲ್ಲಿಂದ ಹೊರಡಬೇಕು ಎಂಬ ಪ್ರಶ್ನೆಗೆ ಈ ಪದ್ಧತಿಯ ಹಿಂದಿನ ಕಥೆಯಲ್ಲಿ ಸಾಕಷ್ಟು ಉತ್ತರಗಳಿವೆ, ಕೆಲವು ಎಚ್ಚರಿಕೆಗಳೂ ಇವೆ.

ಕಥೆ ಆರಂಭವಾಗುವುದು ಫ್ರಾನ್ಸಿನ ರೇಷ್ಮೆ ನಗರಿ ಲಿಯೋನ್‌ನಲ್ಲಿ. ಅಲ್ಲಿನ ಪೌಲಿನ್ ಜಾರಿಕೊ ಎಂಬ ಯುವತಿ ರೇಷ್ಮೆ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಕೂಡಿಸಿ, ಪ್ರತಿಯೊಬ್ಬರೂ ವಾರಕ್ಕೆ ಒಂದು ಸೂ, ಅಂದರೆ ಆ ಕಾಲದ ಫ್ರೆಂಚ್ ಚಿಲ್ಲರೆ ನಾಣ್ಯವೊಂದನ್ನು, ದೂರದೇಶಗಳ ಮಿಷನ್ ಕೆಲಸಕ್ಕೆ ಕೊಡುವ ಏರ್ಪಾಡು ಮಾಡಿದಳು. 1822ರಲ್ಲಿ ಇದೇ ಒಂದು ಸಂಘವಾಗಿ ನೆಲೆಗೊಂಡಿತು. ಶ್ರೀಮಂತರ ದೊಡ್ಡ ದತ್ತಿಯನ್ನು ನೆಚ್ಚಿಕೊಳ್ಳದೆ ಬಡವರ ಪುಟ್ಟ ನಾಣ್ಯವನ್ನು ವಾರ ವಾರ ತಪ್ಪದೆ ಎತ್ತುವ ಈ ಕ್ರಮವನ್ನು ಮಕ್ಕಳಿಗೆ ಒಗ್ಗಿಸಿದವರು ನಾನ್ಸಿಯ ಧರ್ಮಾಧ್ಯಕ್ಷರಾಗಿದ್ದ ಷಾರ್ಲ್ ದ ಫೋರ್ಬಿನ್-ಜಾನ್ಸನ್. ಜಾರಿಕೊ ಅವರೊಂದಿಗೆ ಸಮಾಲೋಚಿಸಿ ಅವರು 1843ರಲ್ಲಿ ಆರಂಭಿಸಿದ ಪವಿತ್ರ ಬಾಲ್ಯದ ಸಂಘದಲ್ಲಿ ಮಗುವಿನಿಂದ ಕೇಳಿದ್ದು ದಿನಕ್ಕೊಂದು ಪುಟ್ಟ ಪ್ರಾರ್ಥನೆ, ತಿಂಗಳಿಗೊಂದು ಸೂ, ಇಷ್ಟೇ. ದೊಡ್ಡವರಿಗೆ ವಾರದ ಲೆಕ್ಕ, ಮಕ್ಕಳಿಗೆ ತಿಂಗಳ ಲೆಕ್ಕ ಎಂಬ ಈ ಅಂತರ ಬಹಳ ವಿವೇಕದ್ದು. ಮಗುವಿನ ಕೈಯಲ್ಲಿ ನಿಜವಾಗಿ ಎಷ್ಟು ಹಣ ಓಡಾಡುತ್ತದೆ ಎಂಬುದನ್ನು ಯೋಚಿಸಿಯೇ ಮೊತ್ತವನ್ನು ನಿಗದಿ ಮಾಡಲಾಗಿತ್ತು. ಈ ಸಂಘ 1922ರಲ್ಲಿ ಪೋಪರ ಅಧಿಕೃತ ಸಂಸ್ಥೆಯಾಯಿತು. ಜಾರಿಕೊ ಅವರನ್ನು 2022ರ ಮೇ ತಿಂಗಳಲ್ಲಿ ಲಿಯೋನ್‌ನಲ್ಲಿಯೇ ಪುನೀತೆ, ಅಂದರೆ ಸಂತಪದವಿಗೆ ಒಂದು ಮೆಟ್ಟಿಲು ಕೆಳಗಿನವರು, ಎಂದು ಘೋಷಿಸಲಾಯಿತು.

ಪ್ರಾಟೆಸ್ಟೆಂಟರ ಕಡೆ ಇದೇ ಕಾಲದಲ್ಲಿ ಇಂಗ್ಲೆಂಡಿನ ಮಕ್ಕಳು ಒಂದು ಹಡಗನ್ನೇ ಕೊಡಿಸಿದರು. ಶಾಂತಸಾಗರದ ದ್ವೀಪಗಳಲ್ಲಿ ಕೆಲಸ ಮಾಡುತ್ತಿದ್ದ ಜಾನ್ ವಿಲಿಯಮ್ಸ್ ಎಂಬ ಮಿಷನರಿ 1839ರಲ್ಲಿ ಎರೊಮಾಂಗಾ ದ್ವೀಪದಲ್ಲಿ ಕೊಲೆಯಾದ ಮೇಲೆ, ದ್ವೀಪದಿಂದ ದ್ವೀಪಕ್ಕೆ ಜನ ಮತ್ತು ಸಾಮಾನು ಸಾಗಿಸಲು ಲಂಡನ್ ಮಿಷನರಿ ಸೊಸೈಟಿಗೆ ಸ್ವಂತದ ಹಡಗು ಬೇಕೆನಿಸಿದಾಗ, ಅದರ ವೆಚ್ಚವನ್ನು ಮಕ್ಕಳಿಂದಲೇ ಎತ್ತುವುದೆಂದು ತೀರ್ಮಾನವಾಯಿತು. 1844ರಲ್ಲಿ ನೀರಿಗಿಳಿದ ಆ ಹಡಗಿಗೆ ಮಕ್ಕಳು ಕೂಡಿಸಿ ಕೊಟ್ಟ ಮೊತ್ತ 6,237 ಪೌಂಡ್. ಅದಕ್ಕೆ ವಿಲಿಯಮ್ಸರ ಹೆಸರನ್ನೇ ಇಡಲಾಯಿತು. ಅದು ಬಂಡೆಗೆ ಬಡಿದು ಒಡೆದ ಮೇಲೂ ಅದೇ ಹೆಸರಿನ ಹಡಗುಗಳು ಒಂದರ ನಂತರ ಒಂದು ಬಂದವು. ಈ ಸೊಸೈಟಿಗೆ ಕರ್ನಾಟಕದ ನಂಟೂ ಇದೆ: ಬಳ್ಳಾರಿಯಲ್ಲಿ 1810ರಿಂದ ನೆಲೆಸಿ ಬೈಬಲಿನ ಕನ್ನಡ ಅನುವಾದಕ್ಕೆ ದುಡಿದ ಜಾನ್ ಹ್ಯಾಂಡ್ಸ್ ಇದೇ ಸೊಸೈಟಿಯವರು. ಮಕ್ಕಳ ಮಟ್ಟಿಗೆ ಈ ಹಡಗಿನ ವಿಶೇಷವೆಂದರೆ ಅದು ಕಣ್ಣಿಗೆ ಕಾಣುವ ವಸ್ತುವಾಗಿದ್ದುದು. ‘ಮಿಷನ್ ಕೆಲಸ’ ಎಂಬ ಅಮೂರ್ತ ಮಾತಿಗೆ ಪೆನ್ನಿ ಕೊಡಲು ಹಿಂಜರಿಯಬಹುದಾದ ಮಗು ಹಡಗಿನ ಒಂದು ಹಲಗೆಗೋ ಹಗ್ಗಕ್ಕೋ ಖುಷಿಯಿಂದ ಕೊಡುತ್ತದೆ, ಹಡಗು ಹೊರಟ ಸುದ್ದಿ ಬಂದಾಗ ತನ್ನ ಹಡಗು ಹೊರಟಿತೆಂದುಕೊಳ್ಳುತ್ತದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಸ್ವಿಟ್ಜರ್ಲೆಂಡಿನದು. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಮುದ್ರಣಾಲಯ, ಶಾಲೆ, ಹಂಚಿನ ಕಾರ್ಖಾನೆಗಳನ್ನು ನಡೆಸಿ, ಕಿಟೆಲ್ ಅವರ ನಿಘಂಟಿನವರೆಗೆ ಕನ್ನಡಕ್ಕೆ ಬಹಳಷ್ಟನ್ನು ಕೊಟ್ಟ ಬಾಸೆಲ್ ಮಿಷನ್ನಿಗೆ ಹಣದ ಮುಗ್ಗಟ್ಟು ಆಗಾಗ ತಪ್ಪಿದ್ದಲ್ಲ. 1855ರಲ್ಲಿ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಎಂಬ ಗಣ್ಯರು ಹಾಕಿಕೊಟ್ಟ ‘ಅರೆ ಬಾಟ್ಸನ್ ವಂತಿಗೆ’ ಆ ಕೊರತೆಯನ್ನು ತುಂಬುವ ಒಂದು ಉಪಾಯವಾಗಿತ್ತು. ಬಾಟ್ಸನ್ ಎಂಬುದು ಹಳೆಯ ಸ್ವಿಸ್ ನಾಣ್ಯ. ಅದರ ಅರ್ಧದಷ್ಟನ್ನು, ಅಂದರೆ ಐದು ರಾಪ್ಪನ್ ಮಾತ್ರ, ವಾರಕ್ಕೊಮ್ಮೆ ಕೊಡುವ ಸಾಮಾನ್ಯ ಮನೆಗಳನ್ನು ಗುರುತಿಸಿ, ಹಣ ಎತ್ತುವವರು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದರು. ಕರಾವಳಿಯ ಮತ್ತು ಧಾರವಾಡ ಸೀಮೆಯ ಮಿಷನ್ ಕೆಲಸಗಳ ಬೆನ್ನಿಗೆ ಇಂಥ ಚಿಲ್ಲರೆ ಕಾಸಿನ ಆಸರೆಯೂ ಇತ್ತೆಂಬುದು ನಮ್ಮ ಇತಿಹಾಸ ಪುಸ್ತಕಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗದ ವಿಷಯ.

ಆದರೆ ಇದೇ ಪರಂಪರೆಯ ಒಂದು ವಸ್ತು ಇವತ್ತು ವಸ್ತುಸಂಗ್ರಹಾಲಯಗಳವರಿಗೂ ಮುಜುಗರ ತರುತ್ತದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಸಂಡೇ ಸ್ಕೂಲುಗಳಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬಳಕೆಯಲ್ಲಿದ್ದ ಕಾಣಿಕೆ ಡಬ್ಬಿಗಳ ಮೇಲೆ ಮೊಣಕಾಲೂರಿ ಕೈಮುಗಿದ ಒಬ್ಬ ಆಫ್ರಿಕನ್ ಹುಡುಗನ ಬೊಂಬೆ ಇರುತ್ತಿತ್ತು. ಮಗು ಸಂದಿಯೊಳಗೆ ನಾಣ್ಯ ಹಾಕಿದೊಡನೆ ಒಳಗಿನ ಸನ್ನೆಕೋಲು ಅಲುಗಿ ಬೊಂಬೆ ತಲೆದೂಗಿ ಕೃತಜ್ಞತೆ ತೋರಿಸುತ್ತಿತ್ತು. ಆ ತಲೆದೂಗುವಿಕೆಯನ್ನು ನೋಡುವ ಆಸೆಗೇ ಮಕ್ಕಳು ಮತ್ತೆ ಮತ್ತೆ ಕಾಸು ಹಾಕುತ್ತಿದ್ದರೆಂದರೆ ಆಶ್ಚರ್ಯವಿಲ್ಲ. ಹಣ ಎತ್ತುವ ತಂತ್ರವಾಗಿ ಇದು ಜಾಣತನದ್ದು, ಶಿಕ್ಷಣವಾಗಿ ಕೆಟ್ಟದ್ದು: ಕೊಡುವವನು ಮೇಲೆ, ಪಡೆಯುವವನು ಕಾಲ ಬಳಿ ಎಂಬ ಚಿತ್ರವನ್ನು ಅದು ಐದಾರು ವರ್ಷದ ಮನಸ್ಸಿನಲ್ಲಿ ಅಚ್ಚೊತ್ತಿತು, ಪಡೆಯುವವನು ತಲೆಬಾಗಿಸಲೇಬೇಕೆಂದೂ ಕಲಿಸಿತು. ಅನಾಥಾಲಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾನಿಗಳ ಕೈಯಿಂದ ಬಿಸ್ಕತ್ತಿನ ಪೊಟ್ಟಣ ಕೊಡಿಸಿ ಫೋಟೋ ತೆಗೆಯುವ ಇಂದಿನ ರೂಢಿ ಆ ಡಬ್ಬಿಯ ನೆಂಟನೇ ಸರಿ.

ಈಗಲೂ ಚೆನ್ನಾಗಿ ನಡೆಯುತ್ತಿರುವ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡಬೇಕಾದ ಮಾದರಿ ಜರ್ಮನಿಯ ‘ನಕ್ಷತ್ರ ಗಾಯಕರ’ದು. ಜನವರಿ 6ರಂದು ಬರುವ ಮೂವರು ಜ್ಞಾನಿಗಳ ಹಬ್ಬದ, ಅಂದರೆ ನಕ್ಷತ್ರವನ್ನು ಹಿಂಬಾಲಿಸಿ ಶಿಶು ಯೇಸುವನ್ನು ಕಾಣಲು ಪೂರ್ವದೇಶದಿಂದ ಬಂದವರ ನೆನಪಿನ ಹಬ್ಬದ, ಆಸುಪಾಸಿನ ದಿನಗಳಲ್ಲಿ ಮಕ್ಕಳು ಕಾಗದದ ಕಿರೀಟ, ಉದ್ದನೆಯ ನಿಲುವಂಗಿ ತೊಟ್ಟು, ಒಬ್ಬರ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ನಕ್ಷತ್ರ, ಇನ್ನೊಬ್ಬರ ಕೈಯಲ್ಲಿ ಡಬ್ಬಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಾಡು ಹೇಳಿ, ಬಾಗಿಲಿನ ಮೇಲ್ಪಟ್ಟಿಯಲ್ಲಿ ಸೀಮೆಸುಣ್ಣದಿಂದ ಆ ವರ್ಷದ ಅಂಕಿಗಳ ನಡುವೆ ಸಿ, ಎಂ, ಬಿ ಎಂಬ ಮೂರು ಲ್ಯಾಟಿನ್ ಅಕ್ಷರಗಳನ್ನು ಬರೆಯುತ್ತಾರೆ. ಕ್ರಿಸ್ತನು ಈ ಮನೆಯನ್ನು ಹರಸಲಿ ಎಂಬುದು ಅದರ ತಾತ್ಪರ್ಯ. ಹಳೆಯದಾದ ಈ ಜನಪದ ಆಚರಣೆಯನ್ನು ಆಖೆನ್ ನಗರದ ಮಕ್ಕಳ ಮಿಷನ್ ಸಂಸ್ಥೆ, ಅಂದರೆ 1843ರ ಆ ಪವಿತ್ರ ಬಾಲ್ಯದ ಸಂಘದ ಜರ್ಮನ್ ಶಾಖೆ, 1959ರಲ್ಲಿ ದೇಶವ್ಯಾಪಿ ನಿಧಿ ಸಂಗ್ರಹವಾಗಿ ರೂಪಿಸಿತು. ಈಚಿನ ವರ್ಷಗಳಲ್ಲಿ ಇದು ವರ್ಷಕ್ಕೆ 4 ಕೋಟಿ ಯೂರೋಗೂ ಮಿಕ್ಕಿ ಎತ್ತಿದೆ. 2015ರಲ್ಲಿ ಆಚರಣೆಯು ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೂ ಸೇರಿತು.

ಈ ಅಭಿಯಾನದ ಯಶಸ್ಸಿಗೆ ಕಿರೀಟ, ನಕ್ಷತ್ರಗಳ ಆಕರ್ಷಣೆಯಷ್ಟೇ ಕಾರಣವಲ್ಲ. ಮಕ್ಕಳು ಬರಿಗೈಯಲ್ಲಿ ಹೋಗಿ ಕೈಯೊಡ್ಡದೆ ಹಾಡು ಮತ್ತು ಹರಕೆಯನ್ನು ಮೊದಲು ಕೊಟ್ಟು ಆಮೇಲೆ ಡಬ್ಬಿ ಚಾಚುತ್ತಾರೆ. ಕೊಡದ ಮನೆಗೂ ಹರಕೆ ಸಿಗುತ್ತದೆ. ತಂಡದ ಬಳಿ ಚರ್ಚಿನ ಮುದ್ರೆಯಿರುವ ಗುರುತಿನ ಚೀಟಿ ಇರುವುದರಿಂದ ಬಾಗಿಲು ತೆರೆದವರು ಅದನ್ನು ಕೇಳಿ ನೋಡಬಹುದು; ಜೊತೆಗೊಬ್ಬ ಹಿರಿಯರಿದ್ದರೂ ಅವರು ಹಾಡುವುದಿಲ್ಲ, ಕೇಳುವುದಿಲ್ಲ, ಎರಡು ಹೆಜ್ಜೆ ಹಿಂದೆ ನಿಂತಿರುತ್ತಾರೆ. ಮಕ್ಕಳಿಗೆಂದು ಕೊಟ್ಟ ಚಾಕೊಲೇಟು ಮಕ್ಕಳದೇ, ಡಬ್ಬಿಗೆ ಬಿದ್ದದ್ದು ಯೋಜನೆಯದು ಎಂಬ ಗೆರೆ ಸ್ಪಷ್ಟವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿವರ್ಷ ಒಂದು ವಿಷಯವನ್ನೂ ಒಂದು ದೇಶವನ್ನೂ ಆರಿಸಿಕೊಂಡು, ಅಲ್ಲಿನ ಮಕ್ಕಳ ಬದುಕಿನ ಬಗ್ಗೆ ಚಲನಚಿತ್ರ ಮತ್ತು ಪುಸ್ತಿಕೆಗಳನ್ನು ಸಿದ್ಧಪಡಿಸಿ, ಬೀದಿಗಿಳಿಯುವ ಮೊದಲೇ ಮಕ್ಕಳಿಗೆ ಪಾಠ ಮಾಡಲಾಗುತ್ತದೆ. 2018ರಲ್ಲಿ ಆರಿಸಿದ ದೇಶ ಭಾರತ, ವಿಷಯ ಬಾಲಕಾರ್ಮಿಕರು. ನಿಧಿ ಮಾತ್ರ ಆ ಒಂದು ದೇಶಕ್ಕೆ ಸೀಮಿತವಾಗದೆ ನೂರರಷ್ಟು ದೇಶಗಳ ಯೋಜನೆಗಳಿಗೆ ಹಂಚಿಹೋಗುತ್ತದೆ. ಮೂವರು ಜ್ಞಾನಿಗಳಲ್ಲಿ ಒಬ್ಬನು ಆಫ್ರಿಕದವನೆಂಬ ಐತಿಹ್ಯದಿಂದ ಒಂದು ಮಗುವಿನ ಮುಖಕ್ಕೆ ಕಪ್ಪು ಬಳಿಯುವ ಹಳೆಯ ವಾಡಿಕೆಯನ್ನು ಕೈಬಿಡಿ ಎಂದು ಸಂಘಟಕರೇ ಸಲಹೆ ಕೊಟ್ಟಿದ್ದಾರೆ. ತಲೆದೂಗುವ ಬೊಂಬೆಯಿಂದ ಅಲ್ಲಿಯವರೆಗೆ ಬರಲು ಕಾಲ ಹಿಡಿಯಿತು, ಆದರೆ ಬಂದರು.

ಅಮೆರಿಕದ ಎರಡು ಉದಾಹರಣೆಗಳನ್ನು ಚುಟುಕಾಗಿ ಹೇಳಬಹುದು. ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಪಾದ್ರಿ ಕ್ಲೈಡ್ ಆಲಿಸನ್ ಮತ್ತು ಅವರ ಪತ್ನಿ ಮೇರಿ ಎಮ್ಮಾ ಮಕ್ಕಳು ವೇಷ ತೊಟ್ಟು ಮನೆಮನೆಗೆ ತಿಂಡಿ ಕೇಳಲು ಹೋಗುವ ಹ್ಯಾಲೋವೀನ್ ಹಬ್ಬದಂದು, 1950ರಲ್ಲಿ, ಮಕ್ಕಳ ಕೈಗೆ ಅಲಂಕರಿಸಿದ ಹಾಲಿನ ಡಬ್ಬಗಳನ್ನು ಕೊಟ್ಟು, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆಂದು ಚಿಲ್ಲರೆ ಕೇಳಿ ಬರಲು ಕಳಿಸಿದಾಗ ಸೇರಿದ್ದು 17 ಡಾಲರ್. ಅಲ್ಲಿಂದ ಬೆಳೆದದ್ದು ದೇಶಾದ್ಯಂತದ ಅಭಿಯಾನ. 1975ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನಿನಲ್ಲಿ ಆರಂಭವಾದ ‘ಅನ್ನದ ಬಟ್ಟಲು’ ಇದಕ್ಕಿಂತ ಭಿನ್ನ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಕುಟುಂಬವು ಸರಳವಾಗಿ ಉಂಡು, ಉಳಿದ ಹಣವನ್ನು ಊಟದ ಮೇಜಿನ ಮೇಲಿನ ರಟ್ಟಿನ ಬಟ್ಟಲಿಗೆ ಹಾಕುತ್ತದೆ. ಕೊನೆಗೆ ನೂರಕ್ಕೆ 75 ಭಾಗ ವಿದೇಶದ ಬಡವರಿಗೆ, 25 ಭಾಗ ತಮ್ಮದೇ ಊರಿನ ಹಸಿದವರಿಗೆ ಹೋಗುತ್ತದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 1910ರಿಂದ ನಡೆದುಬಂದಿರುವ ಹಿಡಿಯಕ್ಕಿ ಪದ್ಧತಿಯೂ, ಅಂದರೆ ಅಡುಗೆಗೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿಡುವುದೂ, ಇದೇ ಜಾತಿಯದು. ಒಂದು ಬಗೆಯಲ್ಲಿ ಮಗು ಇನ್ನೊಬ್ಬರಿಂದ ಕೇಳಿ ತರುತ್ತದೆ, ಇನ್ನೊಂದರಲ್ಲಿ ತನ್ನದರಲ್ಲಿ ಬಿಟ್ಟುಕೊಡುತ್ತದೆ. ಎರಡನೆಯದರಲ್ಲಿ ಒಂದು ಮಗುವಿನಿಂದ ಸೇರುವ ಮೊತ್ತ ಕಡಿಮೆಯಿರಬಹುದು. ಆದರೂ ಮಗುವಿನ ಯೋಜನೆಯಲ್ಲಿ ಈ ಎರಡನೆಯ ಬಗೆಯ ಪಾಲು ಸ್ವಲ್ಪವಾದರೂ ಇಲ್ಲದಿದ್ದರೆ ನೆರೆಮನೆಯವರ ಮುಂದೆ ಡಬ್ಬಿ ಚಾಚಲು ಮಗುವಿಗೇ ನೈತಿಕ ಬಲ ಸಾಲದು.

ಕರ್ನಾಟಕದ ಚರ್ಚುಗಳಲ್ಲಿ ಮಕ್ಕಳ ಇಂಥ ನಿಧಿ ಸಂಗ್ರಹಕ್ಕೆ ಒದಗುವ ಸಂದರ್ಭಗಳು ಕಡಿಮೆಯಿಲ್ಲ. ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ತಂಡಗಳು ನಕ್ಷತ್ರ ಗಾಯಕರ ದಾಯಾದಿಗಳೇ. ಅದಕ್ಕಿಂತಲೂ ನಮ್ಮದೇ ಎನ್ನಬಹುದಾದದ್ದು ಬೆಳೆ ಹಬ್ಬದ ಹರಾಜು. ಮೊದಲ ಬೆಳೆಯನ್ನು ದೇವರಿಗೆ ಅರ್ಪಿಸುವ ಈ ಹಬ್ಬದಂದು ಮನೆಗಳವರು ತಂದ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಹುಂಜ, ಕೇಕುಗಳನ್ನು ಆರಾಧನೆಯ ನಂತರ ಅಂಗಳದಲ್ಲಿ ಏಲಂ ಕೂಗುತ್ತಾರೆ. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಸೋರೆಕಾಯಿ ಇಲ್ಲಿ ಪೈಪೋಟಿಯ ಕಾವಿನಲ್ಲಿ ಹತ್ತುಪಟ್ಟು ಬೆಲೆಗೆ ಹೋಗುವುದು ಅಪರೂಪವಲ್ಲ. ಮಗುವಿಗೆ ಇದಕ್ಕಿಂತ ಒಳ್ಳೆಯ ದಾರಿ ತೋರಿಸುವುದು ಕಷ್ಟ. ಮಳೆಗಾಲದ ಮೊದಲಲ್ಲಿ ಒಂದು ಬೀಜ ಊರಿಸಿ, ಬಳ್ಳಿಗೆ ಚಪ್ಪರ ಕಟ್ಟಿಸಿ, ಹುಳ ಹೆಕ್ಕಿಸಿ, ಹಬ್ಬದ ದಿನ ಅದೇ ಕಾಯಿಯನ್ನು ಮಗುವಿನ ಕೈಯಿಂದಲೇ ಹರಾಜಿಗೆ ಇಡಿಸಿದರೆ ದುಡಿಮೆ, ಕಾಯುವಿಕೆ, ಬೆಲೆ ಮೂರೂ ಅದಕ್ಕೆ ಒಟ್ಟಿಗೆ ತಿಳಿಯುತ್ತವೆ. ಮನೆಯವರ ನೆರವು ನೀರು ಹೊತ್ತುಕೊಡುವಷ್ಟಕ್ಕೆ ನಿಂತರೆ ಸಾಕು. ಬಳ್ಳಿ ಸತ್ತುಹೋದರೆ ರಾತ್ರೋರಾತ್ರಿ ಮಾರುಕಟ್ಟೆಯಿಂದ ಕಾಯಿ ತಂದಿಡುವುದು ನೆರವಲ್ಲ.

ಮಾರಾಟದ ವಿಷಯದಲ್ಲಿ ಹಿರಿಯರು ತಪ್ಪದೆ ಕೂತು ಕಲಿಸಬೇಕಾದದ್ದು ಲೆಕ್ಕ. ಉದಾಹರಣೆಗೆ, ಮಗು ಭಾನುವಾರದ ಆರಾಧನೆ ಬಿಟ್ಟ ಮೇಲೆ ಚರ್ಚಿನ ಅಂಗಳದಲ್ಲಿ ನಿಂಬೆಹಣ್ಣಿನ ಪಾನಕ ಮಾರಿತೆನ್ನೋಣ. ಲೋಟಕ್ಕೆ 20 ರೂಪಾಯಿಯಂತೆ 50 ಲೋಟ ಖರ್ಚಾಗಿ 1,000 ರೂಪಾಯಿ ಬಂತು. ಬೆಲ್ಲ, ನಿಂಬೆ, ಏಲಕ್ಕಿ, ಕಾಗದದ ಲೋಟಗಳಿಗೆ 380 ರೂಪಾಯಿ ಹಿಡಿದಿದ್ದರೆ ಮಗು ಎತ್ತಿದ್ದು 620 ರೂಪಾಯಿಯೇ ಹೊರತು ಸಾವಿರವಲ್ಲ. ಸಾಮಾನನ್ನು ಮನೆಯಿಂದಲೇ ಕೊಟ್ಟರೆ ಆ 380 ರೂಪಾಯಿಯನ್ನು ತಾಯಿಯ ಅಥವಾ ತಂದೆಯ ಕಾಣಿಕೆಯೆಂದು ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆಯಿಸಬೇಕು. ಈ ಒಂದು ಸಾಲನ್ನು ಬರೆಯುವ ಅಭ್ಯಾಸವಿಲ್ಲದ ದೊಡ್ಡವರ ಸಮಿತಿಗಳು ಎಷ್ಟೋ ಇವೆ. ಚಿಲ್ಲರೆಗೆಂದು ಮೊದಲಿಗೆ ಡಬ್ಬಿಯಲ್ಲಿಟ್ಟ 100 ರೂಪಾಯಿಯನ್ನು ಕೊನೆಯಲ್ಲಿ ತೆಗೆದಿಡಲು ಮರೆತರೆ ಲಾಭ ಸುಳ್ಳುಸುಳ್ಳೇ ಹೆಚ್ಚಾಗಿ ಕಾಣುತ್ತದೆ ಎಂಬುದೂ ಮಗುವಿಗೆ ಮೊದಲ ದಿನವೇ ಗೊತ್ತಾಗುವ ಪಾಠ. ಹಣ ಎಣಿಸುವಾಗ ಮಗುವಿನ ಜೊತೆ ಮನೆಯವರಲ್ಲದ ಇನ್ನೊಬ್ಬರು, ಸಂಡೇ ಸ್ಕೂಲಿನ ಶಿಕ್ಷಕಿಯೋ ಸಭೆಯ ಖಜಾಂಚಿಯೋ, ಕೂತು ಇಬ್ಬರೂ ಸಹಿ ಹಾಕುವುದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ. ಮುಂದೊಮ್ಮೆ ಪ್ರಶ್ನೆ ಬಂದರೆ ಮಗು ಒಂಟಿಯಾಗಬಾರದೆಂದು.

ಈಗ ನಗದಿಗಿಂತ ಮೊಬೈಲಿನಲ್ಲಿ ಹಣ ಕಳಿಸುವವರೇ ಹೆಚ್ಚಾದ್ದರಿಂದ ತಾಯಿಯ ಫೋನಿನ ಕ್ಯೂಆರ್ ಚೀಟಿಯನ್ನು ಡಬ್ಬಿಗೆ ಅಂಟಿಸುವ ಸುಲಭದ ದಾರಿ ಕಾಣುತ್ತದೆ, ಅದು ಬೇಡ. ಧರ್ಮಾರ್ಥದ ಹಣ ಸ್ವಂತ ಖಾತೆಯಲ್ಲಿ ಹಾಲಿನವನ ಬಾಕಿಯ ಜೊತೆ ಬೆರೆತರೆ ಬಿಡಿಸುವುದು ತ್ರಾಸ, ಆದ್ದರಿಂದ ಚರ್ಚಿನ ಅಥವಾ ಸೇವಾ ಸಂಸ್ಥೆಯ ಖಾತೆಯ ಕ್ಯೂಆರ್ ಚೀಟಿಯನ್ನೇ ಕೇಳಿ ಪಡೆಯಬೇಕು. ಆದಾಯ ತೆರಿಗೆಯ ವಿನಾಯಿತಿಗೆ, ಅಂದರೆ ಮಾನ್ಯತೆ ಪಡೆದ ದತ್ತಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಸಿಗುವ ರಿಯಾಯಿತಿಗೆ, 2,000 ರೂಪಾಯಿ ಮೀರಿದ ನಗದು ದೇಣಿಗೆ ಅರ್ಹವಲ್ಲ ಎಂಬುದೂ ನೆನಪಿರಬೇಕು. ದುಬೈಯಲ್ಲೋ ಕುವೈತಿನಲ್ಲೋ ಇರುವ ಚಿಕ್ಕಪ್ಪ ಭಾರತದ ಪಾಸ್‌ಪೋರ್ಟ್ ಹೊಂದಿದ್ದು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಡಕಿಲ್ಲ; ಆದರೆ ಕೆನಡಾದ ಪೌರತ್ವ ಪಡೆದ ಅತ್ತೆ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸಿಕೊಂಡು, ಸಂಸ್ಥೆಗೆ ವಿದೇಶಿ ದೇಣಿಗೆಯ ಕಾಯ್ದೆಯಡಿ ನೋಂದಣಿಯೂ ದೆಹಲಿಯ ನಿಗದಿತ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆಯೂ ಇರಲೇಬೇಕಾಗುತ್ತದೆ. ಹಬ್ಬದ ಹುರುಪಿನಲ್ಲಿ ಮಕ್ಕಳ ಕೈಯಿಂದ ಅದೃಷ್ಟ ಚೀಟಿ ಮಾರಿಸುವುದಂತೂ ಬಿಡಬೇಕಾದ ಅಭ್ಯಾಸ: ಸರ್ಕಾರದ ಅನುಮತಿಯಿಲ್ಲದ ಲಾಟರಿ ಅಪರಾಧ, ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೇ ನಿಷೇಧವಿದೆ.

ಯೋಜನೆ ಮಕ್ಕಳ ಪಾಲನಾಲಯಕ್ಕೆ ಸಂಬಂಧಿಸಿದ್ದಾದರೆ ವಾಟ್ಸಾಪ್ ಪೋಸ್ಟರಿಗೆ ಅಲ್ಲಿನ ಮಕ್ಕಳ ಮುಖ ಬೇಕೆಂದು ಮಗು ಕೇಳುವುದು ಸಹಜ. ಪಾಲನೆ ಮತ್ತು ರಕ್ಷಣೆ ಬೇಕಿರುವ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ತಡೆಯುತ್ತದೆ. ಕಾನೂನಿನ ಮಾತು ಹಾಗಿರಲಿ, ತನ್ನದೇ ವಯಸ್ಸಿನ ಮಗುವಿನ ಫೋಟೋ ಅದರ ಒಪ್ಪಿಗೆಯಿಲ್ಲದೆ ಊರೆಲ್ಲ ತಿರುಗಿದರೆ ಹೇಗಿರುತ್ತದೆ ಎಂದು ಕೇಳಿದರೆ ಎಂಟು ವರ್ಷದ ಮಗುವೂ ಉತ್ತರ ಕೊಡಬಲ್ಲದು. ಮುಖದ ಬದಲು ವಸ್ತುವನ್ನು ತೋರಿಸಬಹುದು: ನೀರಿನ ಟ್ಯಾಂಕು, ಹಾಸಿಗೆ, ಪುಸ್ತಕದ ಕಪಾಟು, ಇಷ್ಟು ಬೆಲೆ, ಇಷ್ಟು ಕೂಡಿದೆ, ಇಷ್ಟು ಬಾಕಿ. ಇಂಗ್ಲೆಂಡಿನ ಮಕ್ಕಳ ಹಡಗು ಗೆದ್ದದ್ದೂ ಹೀಗೆಯೇ.

ಅತಿ ಹೆಚ್ಚು ಹಣ ತಂದ ಮಗುವಿಗೆ ಬಹುಮಾನ ಕೊಡುವ ರೂಢಿಯನ್ನು ಸಂಡೇ ಸ್ಕೂಲುಗಳು ಸದುದ್ದೇಶದಿಂದಲೇ ಇಟ್ಟುಕೊಂಡಿವೆ, ಆದರೆ ಅದರಿಂದ ಅಳೆಯಲ್ಪಡುವುದು ಮಗುವಿನ ಶ್ರಮವಲ್ಲ, ಅದರ ಬಂಧುಬಳಗದ ಸ್ಥಿತಿವಂತಿಕೆ. ವೈದ್ಯರ ಮಗಳು ಒಂದೇ ಸಂಜೆಯಲ್ಲಿ ಐದು ಸಾವಿರ ತರುತ್ತಾಳೆ, ಮೀನು ಮಾರುವವರ ಮಗ ತಿಂಗಳೆಲ್ಲ ಓಡಾಡಿ ಮುನ್ನೂರು ತರುತ್ತಾನೆ. ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿ ಯೇಸುವಿನ ಮೆಚ್ಚುಗೆ ಪಡೆದ ಬಡ ವಿಧವೆಯ ಕಥೆಯನ್ನು ಅದೇ ತರಗತಿಯಲ್ಲಿ ಕಲಿಸಿ ವೇದಿಕೆಯ ಮೇಲೆ ಮೊತ್ತವನ್ನು ಕೂಗಿ ಹೇಳುವುದು ಪಾಠವನ್ನು ಅಲ್ಲಿಯೇ ಅಳಿಸಿದಂತೆ. ತರಗತಿಯ ಒಟ್ಟು ಮೊತ್ತವನ್ನು ಮಾತ್ರ ಪ್ರಕಟಿಸುವ ಸಭೆಗಳಿವೆ, ಆ ಕ್ರಮವೇ ಮೇಲು. ಕೇಳಲು ನಾಚುವ ಮಗುವನ್ನು ಬಾಗಿಲ ಮುಂದೆ ತಳ್ಳುವುದೂ ಸಲ್ಲದು. ಲೆಕ್ಕ ಬರೆಯುವುದು, ಪೋಸ್ಟರು ಬಿಡಿಸುವುದು, ವಂದನೆಯ ಪತ್ರ ಬರೆಯುವುದು ಎಲ್ಲವೂ ನಿಧಿ ಸಂಗ್ರಹದ ಕೆಲಸವೇ. ಮನೆಯವರು ಇಲ್ಲವೆಂದಾಗ ಮುಖ ಸಪ್ಪೆ ಮಾಡದೆ ವಂದನೆ ಹೇಳಿ ಮುಂದಿನ ಮನೆಗೆ ಹೋಗುವುದನ್ನು ಮಾತ್ರ ಹೊರಡುವ ಮೊದಲೇ ಅಭ್ಯಾಸ ಮಾಡಿಸಬೇಕು.

ಹಣ ಒಪ್ಪಿಸಿದ ಮೇಲಿನ ಹಂತವನ್ನು ಬಹುತೇಕ ಸಭೆಗಳು ಬಿಟ್ಟೇಬಿಡುತ್ತವೆ. ಹಾಸಿಗೆಗಳನ್ನು ಕೊಂಡಾಯಿತೇ, ಬೆಲೆ ಅಂದಾಜಿಗಿಂತ ಹೆಚ್ಚಾಯಿತೇ, ಉಳಿದದ್ದೆಷ್ಟು ಎಂಬುದನ್ನು ಮಗುವೇ ಒಂದು ಪತ್ರ ಬರೆದು ಸಂಸ್ಥೆಯವರನ್ನು ಕೇಳಬಹುದು, ಉತ್ತರ ಬರುವುದು ತಡವಾದರೆ ಹಿರಿಯರು ಮತ್ತೊಮ್ಮೆ ನೆನಪಿಸಬಹುದು. ಬಂದ ಬಿಲ್ಲಿನ ಪ್ರತಿಯನ್ನು ಸಂಡೇ ಸ್ಕೂಲಿನ ಸೂಚನಾ ಫಲಕಕ್ಕೆ ಅಂಟಿಸಿದರೆ ಕೊಟ್ಟವರೆಲ್ಲರೂ ಓದುತ್ತಾರೆ. ಗುರಿಗಿಂತ ಹೆಚ್ಚು ಸೇರಿದ್ದರೆ ಆ ಹೆಚ್ಚಿನ ಹಣ ಎಲ್ಲಿಗೆ ಹೋಗಬೇಕೆಂಬುದನ್ನೂ, ಗುರಿ ಮುಟ್ಟದಿದ್ದರೆ ಸೇರಿದ್ದನ್ನು ಏನು ಮಾಡಬೇಕೆಂಬುದನ್ನೂ ಡಬ್ಬಿ ಹೊರಡುವ ಮೊದಲೇ ಗೊತ್ತುಮಾಡಿ, ಅದರ ಮೇಲೆಯೇ ಒಂದು ಸಾಲಿನಲ್ಲಿ ಬರೆದಿಡುವುದು ಸರಿಯಾದ ಕ್ರಮ.